ಒಬ್ಬರೇ ಬಂದು ನಗಿಸಿ ಅಂದರೆ

ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದ ಮೇಲೆ, ಮಳೆ ಹಿಡಿಯುವ ಮೊದಲು, ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಅಂಗಳದ ಬಿಸಿಲಿಗೆ ಹರವುವುದು ನನ್ನ ರೂಢಿ. ಮೇಳದ ತಿರುಗಾಟ ನಿಲ್ಲಿಸಿದ ಮೇಲೂ ಇದನ್ನು ಬಿಟ್ಟಿಲ್ಲ. ಈ ಸಲ ಸಿಕ್ಕಿದ್ದು ಇಷ್ಟು. ಕಡ್ಡಿ ಮುರಿದ ಓಲೆಕೊಡೆ, ದೂತನ ಕೋಲು, ಬಾಹುಕನ ಬೆನ್ನಿಗೆ ಕಟ್ಟುತ್ತಿದ್ದ ಬಟ್ಟೆಯ ಗಂಟು, ಅಡಿಕೆ ಹಾಳೆಯಲ್ಲಿ ಕತ್ತರಿಸಿದ ಎರಡು ಹಂದಿಕಿವಿ. ಕಿವಿಗೆ ಬೂಸ್ಟು ಹಿಡಿದಿತ್ತು. ಒರೆಸುತ್ತಾ ಕೂತಿದ್ದಾಗ ಫೋನು ಬಂತು.

"ಹಾಸ್ಯಗಾರ್ರೇ, ಬದಿಯಡ್ಕದಿಂದ ಮಾತಾಡುವುದು. ಅಪ್ಪನಿಗೆ 80 ತುಂಬ್ತದೆ. ಮನೆಯಲ್ಲೇ ಸಣ್ಣ ಕಾರ್ಯಕ್ರಮ. ನೀವೊಬ್ಬರೇ ವೇಷ ಹಾಕಿ ಬಂದರೆ ಸಾಕು. ಹಾಡುವ ಭಾಗವತರು ಗೀಗವತರು ಬೇಡ. ಸುಮ್ನೆ ಹದಿನೈದು ನಿಮಿಷ ಜನರನ್ನು ನಗಿಸಿ ಹೋಗಿ."

ಒಳ್ಳೆಯ ಮನುಷ್ಯ. ಮಾತಿನಲ್ಲಿ ಪ್ರೀತಿ ಇತ್ತು. ಆದರೆ ಈ ಒಂದು ಬೇಡಿಕೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮದುವೆಯವರು ಕೇಳುತ್ತಾರೆ, ಶಾಲೆಯವರು ಕೇಳುತ್ತಾರೆ, ಅಂಗಡಿ ಉದ್ಘಾಟನೆಯವರು ಕೇಳುತ್ತಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ, ಕಾಸರಗೋಡಿನ ಕುಂಬಳೆಯಲ್ಲೇ, ಮನೆಗೊಬ್ಬರು ಆಟ ನೋಡಿ ಬೆಳೆದ ನಾಡಿನಲ್ಲೇ ಹೀಗೆ ಕೇಳಿದರೆ ನನಗೆ ಬೇಸರವಾಗುತ್ತದೆ. ಅದಕ್ಕೇ ಇವತ್ತು ಇದೊಂದನ್ನೇ ಹಿಡಿದು ಬರೆಯುತ್ತೇನೆ. ಉದ್ದವಾದರೆ ಸೈರಿಸಿಕೊಳ್ಳಿ.

ಹಾಸ್ಯಕ್ಕೆ ಇದಿರು ಬೇಕು. ಇದಿರು ಅಂದರೆ ಎದುರಿಗೆ ನಿಂತು ಮಾತು ಕೊಡುವ ವೇಷ; ಆಟ, ಕೂಟ ಗೊತ್ತಿರುವವರಿಗೆ ಇದನ್ನು ಹೇಳಬೇಕಾಗಿಲ್ಲ. ಅರ್ಜುನನಿಗೆ ಕಿರಾತ ಇದಿರು. ಕರ್ಣನಿಗೆ ಶಲ್ಯ ಇದಿರು. ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆ ಕೂಟಕ್ಕೆ ಹೋಗುವವರು "ಇವತ್ತು ಶೇಣಿ–ಸಾಮಗ" ಅಂತ ಇಬ್ಬರು ಮಾತುಗಾರರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ ಕಾಲ ಹಿರಿಯರಿಗೆ ನೆನಪಿರಬಹುದು. ಗಂಭೀರ ವೇಷಕ್ಕೆ ಇದಿರು ಬೇಕು ಅಂತ ಎಲ್ಲರೂ ಒಪ್ಪುತ್ತಾರೆ. ಹಾಸ್ಯಕ್ಕೆ ಮಾತ್ರ ಬೇಡ ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಹಾಸ್ಯಕ್ಕೇ ಅದು ಎಲ್ಲರಿಗಿಂತ ಜಾಸ್ತಿ ಬೇಕು. ಕರ್ಣ ಒಬ್ಬನೇ ನಿಂತು ಸ್ವಗತ ಹೇಳಿದರೂ ಜನ ಕೇಳುತ್ತಾರೆ. ದೂತ ಒಬ್ಬನೇ ನಿಂತರೆ ಅವನು ಕೋಲು ಹಿಡಿದ ಒಬ್ಬ ಮನುಷ್ಯ, ಅಷ್ಟೇ. ರಾಜ ಇದ್ದರೆ ಅವನು ದೂತ.

ಒಂದು ಪ್ರವೇಶ ತೆಗೆದುಕೊಳ್ಳಿ. ನಾನು ರಂಗಸ್ಥಳಕ್ಕೆ ಬಂದಿದ್ದೇನೆ. ಭಾಗವತರು ಕೇಳುತ್ತಾರೆ.

"ಯಾರಯ್ಯಾ ನೀನು?"

"ನಾನಾ?"

"ಹೌದು, ನೀನೇ."

"ನನ್ನನ್ನೇ ಕೇಳಿದ್ದಾ?"

"ನಿನ್ನನ್ನೇ."

"ಹಾಗಾದರೆ ನಿಮಗೂ ಗೊತ್ತಿಲ್ಲ ಅಂತಾಯ್ತು."

ಈಗ ಜನ ನಗುವುದು ಯಾವಾಗ? ನಾನು ಹೇಳಿ ಮುಗಿಸಿದ ತಕ್ಷಣ ಅಲ್ಲ. ಭಾಗವತರು ಜಾಗಟೆ ಕೆಳಗಿಟ್ಟು ತಲೆ ಎತ್ತಿ ನನ್ನನ್ನು ಒಮ್ಮೆ ನೋಡುತ್ತಾರೆ ನೋಡಿ, ಆಗ. ಅವರು ಬೇಗ ನೋಡಿದರೆ ನಗು ಅರ್ಧಕ್ಕೇ ಇಳಿಯುತ್ತದೆ. ನೋಡದೆ ಮುಂದಿನ ಪದ, ಅಂದರೆ ಹಾಡು, ಎತ್ತಿಕೊಂಡರೆ ನಗುವೇ ಇಲ್ಲ. ಅವರೇ ನಕ್ಕುಬಿಟ್ಟರಂತೂ ಎಲ್ಲ ಮುಗಿಯಿತು. ಒಂದು ಕ್ಷಣ ತಡೆದು, ಮುಖ ಗಂಟಿಕ್ಕಿ, ನಿಜಕ್ಕೂ ಕೆಲಸ ಕೆಟ್ಟವರ ಹಾಗೆ ನೋಡುವ ಭಾಗವತರು ಸಿಕ್ಕಿದರೆ ಸಭೆ ನಡುಗುವ ಹಾಗೆ ನಗು ಬರುತ್ತದೆ. ಆ ಮಾತು ನನ್ನದು. ನಗು ಅವರದ್ದು. ನಾನು ಎಷ್ಟೋ ವರ್ಷ ಇದನ್ನು ನಂಬಿ ಬದುಕಿದವನು. ಹೊಗಳಿಕೆಗೆ ಹೇಳುತ್ತಿಲ್ಲ.

ರಾಕ್ಷಸರ ಪಾತ್ರ ಮಾಡುವ ಬಣ್ಣದ ವೇಷದವರು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಗಂಟೆಗಟ್ಟಲೆ ಕೂತು ಚುಟ್ಟಿ ಇಡುತ್ತಾರೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳು ಮುಳ್ಳಾಗಿ ಏರಿಸುತ್ತಾ ಹೋಗುವುದನ್ನು ಸಣ್ಣ ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ. ಮಹಿಷಾಸುರ ಸಭೆಯ ನಡುವಿನಿಂದ ದೊಂದಿ ಬೆಳಕಿನಲ್ಲಿ ಬರುವಾಗ, ರಾಳದ ಬೆಂಕಿ ಭಗ್ಗೆಂದು ಏಳುವಾಗ, ಅದರ ಹಿಂದೆ ಎಷ್ಟು ದುಡಿಮೆ ಇದೆ ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಾಸ್ಯಗಾರನ ಮುಖಕ್ಕೆ ಅಷ್ಟು ಬಣ್ಣವಿಲ್ಲ. ಅರ್ಧ ಗಂಟೆಯಲ್ಲಿ ಎದ್ದು ಬಿಡುತ್ತೇವೆ. ಅದನ್ನು ನೋಡಿ ಇವರಿಗೆ ತಯಾರಿಯೇ ಬೇಡ ಅಂತ ಜನ ತಿಳಿದುಕೊಂಡರೇನೋ. ನಮ್ಮ ತಯಾರಿ ಆಗುವುದು ಚೌಕಿಯ ಮೂಲೆಯಲ್ಲಿ, ಇದಿರು ವೇಷದವರ ಪಕ್ಕದಲ್ಲಿ, ಅವರು ಕಿರೀಟ ಕಟ್ಟಿಸಿಕೊಳ್ಳುತ್ತಿರುವಾಗ. "ಅಣ್ಣ, ಇವತ್ತು ಎಲ್ಲಿ ತಡೆಯುತ್ತೀರಿ?" ಅಂತ ಕೇಳುತ್ತೇನೆ. "ನೀನು ಮೂರನೇ ಸಲ ಕೇಳಿದಾಗ ಗದರುತ್ತೇನೆ" ಅಂತಾರೆ. ಅಷ್ಟೇ ಮಾತು. ಆ ಎರಡು ವಾಕ್ಯದ ಮೇಲೆ ಅರ್ಧ ಗಂಟೆಯ ಹಾಸ್ಯ ನಿಂತಿರುತ್ತದೆ.

ಕೃಷ್ಣಲೀಲೆಯ ರಜಕನನ್ನು ನೆನೆಯಿರಿ. ಕಂಸನ ಬಟ್ಟೆ ಒಗೆಯುವವನು. ಅರಮನೆಯ ಬಟ್ಟೆ ಹೊತ್ತ ಗರ್ವ ಅವನಿಗೆ. ಎದುರಿಗೆ ನಿಂತವನು ಒಬ್ಬ ಹುಡುಗ, ಕೃಷ್ಣ. ಬಟ್ಟೆ ಕೊಡು ಅಂತಾನೆ, ಇವನು ಕೊಡುವುದಿಲ್ಲ ಅಂತಾನೆ. ರಜಕ ಎಷ್ಟು ಹಾರಾಡಿದರೂ ಕೃಷ್ಣ ಅಲ್ಲಾಡಬಾರದು. ಕೃಷ್ಣನ ವೇಷದ ಹುಡುಗ ನನ್ನ ಮಾತಿಗೆ ತಾನೇ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದ ದಿನಗಳಿವೆ. ಆ ದಿನ ಮುಂದಿನ ಸಾಲಿನವರೂ ನಗಲಿಲ್ಲ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕಲಿಯುವ ವಯಸ್ಸು.

ಈಗ ಸೀತಾಂಗೋಳಿ ಹತ್ತಿರದ ಒಂದು ಮದುವೆಯ ಕಥೆ ಹೇಳಬೇಕು. ನಾನು ಒಬ್ಬನೇ ಹೋಗಲು ಒಪ್ಪಿಕೊಂಡ ಕೆಲವೇ ಸಲಗಳಲ್ಲಿ ಅದೂ ಒಂದು. ಎರಡನೇ ಪಂಕ್ತಿಯ ಊಟಕ್ಕೆ ಮುಂಚೆ ದ್ವಾರಪಾಲಕನಾಗಿ ಊಟದ ಹಾಲಿನ ಬಾಗಿಲಲ್ಲಿ ನಿಂತು ಜನರನ್ನು ನಗಿಸಬೇಕಿತ್ತು. ಹತ್ತು ನಿಮಿಷ ಮಾತಾಡಿದೆ. ಪ್ರಸಂಗದಲ್ಲಿ ಎಂದೂ ಸೋಲದ ಮಾತುಗಳನ್ನೇ ಆಡಿದೆ. ಜನ ಮುಗುಳ್ನಕ್ಕರು, ಫೋಟೋ ತೆಗೆದರು, ಫೋನು ನೋಡಿದರು. ಆಗ ಅಡಿಗೆಯವರು ಎರಡೂ ಕೈಯಲ್ಲಿ ಪಾಯಸದ ಬಾಲ್ದಿ ಹಿಡಿದು ಬಂದರು. ಅವರಿಗೆ ಕಾರ್ಯಕ್ರಮ ಗೀರ್ಯಕ್ರಮ ಏನೂ ಗೊತ್ತಿಲ್ಲ. "ಬಾಗಿಲು ಬಿಡಿ ಮಾರಾಯ್ರೆ" ಅಂದರು. ನಾನು ಕೋಲು ಅಡ್ಡ ಹಿಡಿದು "ರಾಜಾಜ್ಞೆ ಇಲ್ಲದೆ ಒಳಗೆ ಪ್ರವೇಶವಿಲ್ಲ" ಅಂದೆ. ಅವರಿಗೆ ನಿಜವಾಗಿ ಸಿಟ್ಟು ಬಂತು. "ಯಾವ ರಾಜ? ಪಾಯಸ ತಣಿದರೆ ನಿಮ್ಮ ರಾಜ ಬಿಸಿ ಮಾಡಿ ಕೊಡ್ತಾನಾ?" ಅಂದರು. ಹಾಲಿಗೆ ಹಾಲೇ ನಕ್ಕಿತು. ಮುಂದಿನ ಐದು ನಿಮಿಷ ನಾವಿಬ್ಬರೂ ಮಾತಾಡಿದೆವು. ಅವರು ಒಂದು ಕ್ಷಣವೂ ನಗಲಿಲ್ಲ, ಬಾಲ್ದಿ ಕೆಳಗಿಡಲಿಲ್ಲ. ಅಂಥ ಇದಿರು ನನಗೆ ಮೇಳದಲ್ಲೂ ಅಪರೂಪಕ್ಕೆ ಸಿಕ್ಕಿದ್ದು. ಊಟವಾದ ಮೇಲೆ ಹುಡುಕಿಕೊಂಡು ಹೋಗಿ ಕೈ ಮುಗಿದೆ. ಅವರಿಗೆ ಯಾಕೆ ಅಂತ ಅರ್ಥವಾಗಲಿಲ್ಲ, ಇನ್ನೊಂದು ಲೋಟ ಪಾಯಸ ಕೊಟ್ಟರು.

ಮನೆಯ ಯಜಮಾನರು ಬಂದು ಹೇಳಿದ್ದೇನು ಗೊತ್ತಾ? "ನೋಡಿ, ನೀವೊಬ್ಬರೇ ಇಡೀ ಹಾಲನ್ನು ನಗಿಸಿದಿರಿ. ಭಾಗವತರು ಬೇಕು ಅಂತ ಸುಮ್ನೆ ಹಟ ಮಾಡ್ತಿದ್ದಿರಲ್ವಾ." ನನಗೆ ಏನು ಹೇಳುವುದು ಅಂತ ತೋಚಲಿಲ್ಲ. ಕಣ್ಣೆದುರೇ ನಡೆದದ್ದು ಅವರಿಗೆ ಕಾಣಲಿಲ್ಲ. ಆ ಹತ್ತು ನಿಮಿಷ ಯಾರೂ ನಗಲಿಲ್ಲ ಅನ್ನುವುದು ಮರೆತೇ ಹೋಗಿತ್ತು. ಇಂಥದ್ದಕ್ಕೇ ನನಗೆ ತಾಳ್ಮೆ ಕಮ್ಮಿ.

ಇದರ ಪಕ್ಕಕ್ಕೆ ಇನ್ನೊಂದನ್ನು ಇಟ್ಟು ನೋಡಿ. ಆಕಾಶವಾಣಿಯ ಸ್ಟುಡಿಯೋದಲ್ಲಿ ಒಂದು ಪ್ರಸಂಗದ ಧ್ವನಿಮುದ್ರಣಕ್ಕೆ ಹೋಗಿದ್ದೆ. ಸಭೆ ಇಲ್ಲ. ಗಾಜಿನ ಆಚೆ ಒಬ್ಬರು ಕಿವಿಗೆ ಹಾಕಿಕೊಂಡು ಕೂತಿದ್ದಾರೆ, ಅವರು ನಕ್ಕರೂ ನಮಗೆ ಕೇಳುವುದಿಲ್ಲ. ವೇಷವೂ ಇಲ್ಲ, ಪ್ಯಾಂಟು ಶರಟಿನಲ್ಲಿ ಕೂತಿದ್ದೇವೆ. ಆದರೆ ಇದಿರಿಗೆ ಅಣ್ಣ ಇದ್ದರು. ವರ್ಷಗಟ್ಟಲೆ ನನ್ನ ರಾಜನಾಗಿ ನಿಂತವರು. ಅವರು ತಡೆಯುವಲ್ಲಿ ತಡೆದರು, ಗದರುವಲ್ಲಿ ಗದರಿದರು. ಪ್ರಸಾರವಾದ ದಿನ ಪೆರ್ಲದ ಒಂದು ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ. ರೇಡಿಯೋ ಕೇಳಿ ಜನ ಬೆಂಚು ತಟ್ಟಿ ನಗುತ್ತಿದ್ದರು. ನೋಡುವವರಿಲ್ಲದೆ ಹಾಸ್ಯ ಬದುಕಿತು. ಮದುವೆ ಮನೆಯಲ್ಲಿ ನೂರಾರು ಜನರಿದ್ದರೂ ಇದಿರಿಲ್ಲದೆ ಸತ್ತಿತ್ತು.

ಕೆಲವರು ಕೇಳುತ್ತಾರೆ, "ಈಗ ಮೊಬೈಲಿನಲ್ಲಿ ಒಬ್ಬೊಬ್ಬರೇ ಮೈಕ್ ಹಿಡಿದು ನಗಿಸ್ತಾರಲ್ಲ?" ನಾನೂ ನೋಡುತ್ತೇನೆ. ಚೆನ್ನಾಗಿ ಮಾಡುವವರಿದ್ದಾರೆ. ಗಮನವಿಟ್ಟು ನೋಡಿ, ಅವರು ಅಮ್ಮನಾಗಿ ಒಂದು ಮಾತು, ಮಗನಾಗಿ ಒಂದು ಮಾತು ಆಡುತ್ತಾರೆ. ಇದಿರನ್ನು ಮೈಮೇಲೆ ಹೊತ್ತುಕೊಂಡೇ ಬಂದಿರುತ್ತಾರೆ. ಅದು ಬೇರೆ ವಿದ್ಯೆ, ಅದಕ್ಕೆ ಬೇರೆ ಅಭ್ಯಾಸ ಬೇಕು. ನಾನು ಕಲಿತದ್ದು ಅದಲ್ಲ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಹಾಸ್ಯಕ್ಕೂ ಅದರದೇ ದಾರಿ ಇದೆ, ಅದನ್ನು ಅಲ್ಲಿ ದುಡಿದವರು ಹೇಳಿದರೆ ಚೆಂದ. ನಾನು ದಕ್ಷಿಣದ ಶೈಲಿಯ ತೆಂಕಿನವನಾಗಿ, ನನಗೆ ಗೊತ್ತಿರುವಷ್ಟನ್ನು ಹೇಳುತ್ತಿದ್ದೇನೆ.

ಕಾಞಂಗಾಡಿನ ಕಡೆಯ ಒಂದು ಶಾಲೆಗೆ ಹೋದಾಗ ಬೇರೆಯೇ ತೊಂದರೆ ಇತ್ತು. ಚಂದ್ರಗಿರಿ ಹೊಳೆ ದಾಟಿದರೆ ಮಕ್ಕಳಿಗೆ ಕನ್ನಡ ಕಮ್ಮಿ, ಕೆಲವು ಕಡೆ ಇಲ್ಲವೇ ಇಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮಗೆಲ್ಲ ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು. ಅದನ್ನೇ ಉಪಯೋಗಿಸಿದೆವು. ಅಣ್ಣ ರಾಜನಾಗಿ ಗ್ರಂಥದ ಕನ್ನಡದಲ್ಲೇ ಗುಡುಗಿದರು. ನಾನು ದ್ವಾರಪಾಲಕನಾಗಿ ಮಲಯಾಳದಲ್ಲಿ ಉತ್ತರ ಕೊಟ್ಟೆ. ರಾಜನಿಗೆ ದ್ವಾರಪಾಲಕನ ಮಾತು ತಿಳಿಯುವುದಿಲ್ಲ, ಕೇಳಲು ಮರ್ಯಾದೆ ಅಡ್ಡ ಬರುತ್ತದೆ. ಅಣ್ಣ ತಿಳಿದವರ ಹಾಗೆ ನಿಧಾನಕ್ಕೆ ತಲೆ ಆಡಿಸಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅವರಿಗೆ ರಾಜನ ಒಂದು ಪದವೂ ಗೊತ್ತಿರಲಿಲ್ಲ, ರಾಜನ ಕಷ್ಟ ಪೂರ್ತಿ ಗೊತ್ತಿತ್ತು. ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಇದನ್ನು ಶಾಲೆಗೆ ಅಂತ ಮಾಡಿದ್ದು. ಪೌರಾಣಿಕ ಪ್ರಸಂಗದ ಹರಕೆ ಆಟದಲ್ಲಿ ಹೀಗೆ ಭಾಷೆ ಬೆರೆಸುವುದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ.

ಹಂದಿಕಿವಿಯ ವಿಷಯ ಬಿಟ್ಟೇ ಹೋಯಿತು. ಕಿರಾತಾರ್ಜುನ ಪ್ರಸಂಗದಲ್ಲಿ ಮೂಕಾಸುರ ಹಂದಿಯಾಗಿ ಬರುತ್ತಾನಲ್ಲ, ಊರಿನ ಸಂಘದ ಒಂದು ಆಟದಲ್ಲಿ ಆ ಹಂದಿ ನಾನು. ಆಗ ತುಂಬಾ ಚಿಕ್ಕವನು. ಮೈಗೆ ಗೋಣಿ, ತಲೆಗೆ ಹಾಳೆಯ ಕಿವಿ, ಮಸಿ. ಬಂದೆ, ಓಡಿದೆ, ಎರಡು ಬಾಣ ತಾಗಿ ಬಿದ್ದೆ. ಆಮೇಲೆ ಹಂದಿಗೆ ಕೆಲಸವಿಲ್ಲ. ಆದರೆ ಅರ್ಜುನ, ಕಿರಾತ ಇಬ್ಬರೂ ಹಂದಿ ನನ್ನದು ನನ್ನದು ಅಂತ ವಾದ ಮಾಡುವುದು ನನ್ನ ಮೈಯ ಎರಡು ಬದಿಯಲ್ಲಿ ನಿಂತು. ಕೆಂಪು ಇರುವೆ ಕಚ್ಚುತ್ತಿದ್ದರೂ ಅಲ್ಲಾಡದೆ ಮಲಗಿ ಪೂರ್ತಿ ಕೇಳಿದೆ. ಕಣ್ಣು ಮುಚ್ಚಿತ್ತು, ಕಿವಿ ಮಾತ್ರ ತೆರೆದಿತ್ತು. ಒಬ್ಬರು ಮಾತು ಮುಗಿಸಿದ ಮೇಲೆ ಇನ್ನೊಬ್ಬರು ಎಷ್ಟು ಹೊತ್ತು ಸುಮ್ಮನಿರುತ್ತಾರೆ, ಮದ್ದಳೆಯವರು ಆ ಜಾಗದಲ್ಲಿ ಹೇಗೆ ಒಂದು ಪೆಟ್ಟು ಇಡುತ್ತಾರೆ, ಸಭೆ ಯಾವಾಗ ಕೆಮ್ಮುತ್ತದೆ, ಯಾವಾಗ ಕೆಮ್ಮುವುದನ್ನು ನಿಲ್ಲಿಸುತ್ತದೆ, ಎಲ್ಲ ಅಲ್ಲಿ ಮಲಗಿ ಕೇಳಿದ್ದು. ನನಗೆ ಹಾಸ್ಯ ಕಲಿಸಿದ ಮೊದಲ ಪಾಠ ಅದೇ ಅಂತ ಈಗ ಅನ್ನಿಸುತ್ತದೆ. ಕಿವಿಯನ್ನು ಎಸೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದೇನೆ.

ಬಾಹುಕನ ಬಗ್ಗೆಯೂ ಒಂದು ಮಾತು. ನಳಚರಿತ್ರೆಯ ಬಾಹುಕ ಹಾಸ್ಯಗಾರನ ಪಾಲಿಗೆ ಬರುವ ದೊಡ್ಡ ವೇಷ. ಕಾರ್ಕೋಟಕ ಕಚ್ಚಿ ರೂಪ ಕೆಟ್ಟ ನಳ ಅವನು. ಋತುಪರ್ಣನಲ್ಲಿ ಸಾರಥಿ. ಅವನ ಮಾತು ಕೇಳಿ ಜನ ನಗುತ್ತಾರೆ, ನಗಲಿ. ಆದರೆ ಒಳಗೆ ಹೆಂಡತಿಯನ್ನು ಕಾಡಿನಲ್ಲಿ ಬಿಟ್ಟು ಬಂದ ಮನುಷ್ಯ ಇದ್ದಾನೆ. "ಬಾಹುಕನಿಗೆ ಇನ್ನೂ ಸ್ವಲ್ಪ ಕಾಮಿಡಿ ಜಾಸ್ತಿ ಮಾಡಿ" ಅಂತ ಸಂಘಟಕರು ಚೌಕಿಗೆ ಬಂದು ಹೇಳಿದ್ದುಂಟು. ನಾನು ಮಾಡಲಿಲ್ಲ. ದಮಯಂತಿ ಎದುರಿಗೆ ಬಂದಾಗ ಸಭೆ ಒಮ್ಮೆಲೇ ಸುಮ್ಮನಾಗಬೇಕು. ಅದಕ್ಕಿಂತ ಹತ್ತು ನಿಮಿಷ ಹಿಂದೆ ಅಗತ್ಯಕ್ಕಿಂತ ಹೆಚ್ಚು ನಗಿಸಿದರೆ ಆ ಮೌನ ಸಿಗುವುದಿಲ್ಲ. ಇಲ್ಲೂ ಇದಿರೇ ಮುಖ್ಯ. ದಮಯಂತಿ ಬಾಹುಕನನ್ನು ಹೇಗೆ ನೋಡುತ್ತಾಳೆ ಅನ್ನುವುದರ ಮೇಲೆ ಬಾಹುಕ ಯಾರು ಅಂತ ತೀರ್ಮಾನವಾಗುತ್ತದೆ.

ನಿಜವಾದ ಅಡ್ಡಿ ಎಲ್ಲಿದೆ ಅಂತ ನನಗೆ ಗೊತ್ತು. ದುಡ್ಡು. ನಾಲ್ಕು ಜನರಿಗೆ ಸಂಭಾವನೆ, ವೇಷದ ಬಾಡಿಗೆ, ಜೀಪು, ಊಟ. ಸಣ್ಣ ಮನೆಯವರಿಗೆ ಕಷ್ಟವೇ. ಇದನ್ನು ನೇರವಾಗಿ ಹೇಳಿದರೆ ದಾರಿ ಇದೆ. ಚಿಕ್ಕಮೇಳ ನೋಡಿಲ್ವಾ? ಮಳೆಗಾಲದಲ್ಲಿ ಸಂಜೆ ಗೆಜ್ಜೆ ಕಟ್ಟಿ ಮನೆ ಮನೆಗೆ ಬರುತ್ತಾರೆ. ದೀಪ ಹಚ್ಚಿ, ಅಕ್ಕಿ ತೆಂಗಿನಕಾಯಿ ಇಟ್ಟರೆ ಚಾವಡಿಯಲ್ಲೇ ಹತ್ತು ಹದಿನೈದು ನಿಮಿಷದ ಆಟ. ಯಕ್ಷಗಾನವನ್ನು ಅದಕ್ಕಿಂತ ಚಿಕ್ಕದು ಮಾಡಲು ಬರುವುದಿಲ್ಲ. ಅಲ್ಲೂ ಎರಡು ವೇಷ ಇರುತ್ತದೆ, ಭಾಗವತರು ಇರುತ್ತಾರೆ. ನಾನೂ ಕೆಲವು ಮಳೆಗಾಲ ಹಾಗೆ ತಿರುಗಿದವನು. ಎಲ್ಲ ಕಳೆದು ಕಳೆದು ಕೊನೆಗೆ ಉಳಿಸಿಕೊಂಡದ್ದು ಏನು ಅಂತ ನಮ್ಮ ಹಿರಿಯರನ್ನು ನೋಡಿದರೆ ತಿಳಿಯುತ್ತದೆ.

ಇನ್ನೂ ಕಡಿಮೆ ಖರ್ಚಿನದ್ದು ಬೇಕಾದರೆ ವೇಷವನ್ನೇ ಬಿಡಿ. ಇದಿರನ್ನು ಬಿಡಬೇಡಿ. ಪಂಚೆ ಶಾಲಿನಲ್ಲಿ ಕೂತು ತಾಳಮದ್ದಳೆಯ ಹಾಗೆ ಒಂದು ಸಣ್ಣ ಸಂವಾದ ಮಾಡಬಹುದು. ರಂಗಸ್ಥಳ ಬೇಡ, ಲೈಟು ಬೇಡ, ಒಂದು ಚಾಪೆ ಸಾಕು. ಭಾಗವತರು ಒಬ್ಬರು ಇದ್ದರೆ ನೂರಕ್ಕೆ ನೂರು. ನಮ್ಮ ನಾಡಿನಲ್ಲಿ ಭಾಗವತಿಕೆ ಬಲ್ಲವರಿಗೆ ಕೊರತೆ ಇಲ್ಲ. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರನ್ನು ದೇಶ 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಲ್ಲದು. ನಮಗೆ ಅವರು ಸ್ವತಃ ಪದ ಹೇಳುತ್ತಿದ್ದವರಾಗಿ ಗೊತ್ತು. ಅಂಥ ಊರಿನಲ್ಲಿ ಹುಡುಕಿದರೆ ಪಕ್ಕದ ಮನೆಯಲ್ಲೇ ಒಬ್ಬರು ಸಿಗುತ್ತಾರೆ. ಮೈಕ್ ಮಾತ್ರ ಎರಡು ಇಡಿ. ಒಂದೇ ಇಟ್ಟು ಕೈಯಿಂದ ಕೈಗೆ ದಾಟಿಸುತ್ತಾ ಕೂತರೆ ತಡೆಯುವ ಜಾಗದಲ್ಲಿ ಬರುವುದು ಮೈಕಿನ ಗೊರಗೊರ ಮಾತ್ರ.

ಇದನ್ನೆಲ್ಲ ಫೋನಿನಲ್ಲಿ ಬದಿಯಡ್ಕದವರಿಗೆ ಹೇಳಿದೆ. ಪಾಪ, ಪೂರ್ತಿ ಕೇಳಿದರು. ಕೊನೆಗೆ ಕೇಳಿದೆ, "ನಿಮ್ಮ ಅಪ್ಪ ಆಟ ನೋಡುವವರಾ?"

"ನೋಡುವುದಾ? ಮೊದಲು ಊರಿನ ಸಂಘದಲ್ಲಿ ಅರ್ಥ ಹೇಳುತ್ತಿದ್ದರು. ಕಂಸ, ಜರಾಸಂಧ ಎಲ್ಲ ಅವರದ್ದೇ. ಈಗ ಮಂಡಿ ನೋವು, ಎಲ್ಲಿಗೂ ಹೋಗುವುದಿಲ್ಲ."

"ಸ್ವರ ಉಂಟಾ?"

"ಸ್ವರಕ್ಕೇನು, ತೋಟದಲ್ಲಿದ್ದವರಿಗೆ ಚಾವಡಿಯಿಂದಲೇ ಕೂಗ್ತಾರೆ."

ಮರುದಿನ ಅಪ್ಪನೇ ಫೋನು ತೆಗೆದುಕೊಂಡರು. "ನಾನು ಯಾವ ಪದದಿಂದ ಎತ್ತಲಿ?" ಅಂತ ಕೇಳಿದರು, ಬೇರೆ ಪೀಠಿಕೆ ಇಲ್ಲ. ಕಂಸನ ಒಡ್ಡೋಲಗದ ಒಂದು ತುಂಡು ಮಾಡುವುದು ಅಂತ ಮಾತಾಯಿತು. ನಾನು ದೂತ. ನೀರ್ಚಾಲಿನಿಂದ ಒಬ್ಬರು ಭಾಗವತರು ಮದ್ದಳೆಯವರನ್ನು ಕರೆದುಕೊಂಡು ಬರುತ್ತಾರೆ. "ಮೂರನೇ ಸಲ ಕೇಳಿದಾಗ ಗದರುತ್ತೇನೆ, ಆಗಬಹುದಾ?" ಅಂದರು ಅಪ್ಪ, ನಾನು ಏನೂ ಹೇಳುವ ಮೊದಲೇ.

ಮಗನಿಗೆ ಒಂದೇ ಕೆಲಸ ಹೇಳಿದ್ದೇನೆ. ಕಂಸನಿಗೆ ಕೈ ಇರುವ ಮರದ ಕುರ್ಚಿ ಇಡಿ, ಪ್ಲಾಸ್ಟಿಕ್ಕಿನದು ಬೇಡ, ಗದರುವಾಗ ಅವರು ಮುಂದಕ್ಕೆ ಬಾಗಬಹುದು.